ಎದೆ ಬದಲಿಸಿಕೊಂಡ ಜೀಪುಗಳ ನಾಡಿನಲ್ಲಿ

ಮೂಡಿಗೆರೆಯಿಂದ ಬಣಕಲ್ ದಾಟಿ ಕೊಟ್ಟಿಗೆಹಾರದ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಸಿಲ್ವರ್ ಓಕ್ ಮರಗಳು, ಅವುಗಳ ಮೈಗೆ ಹಬ್ಬಿದ ಮೆಣಸಿನ ಬಳ್ಳಿ, ನೆರಳಿನಲ್ಲಿ ಕಾಫಿ ಗಿಡ. ಮಳೆಗಾಲವಾದರೆ ಇದಾವುದೂ ಕಾಣುವುದಿಲ್ಲ. ಕಾಣುವುದು ಮಂಜು ಮಾತ್ರ. ಆ ಮಂಜಿನೊಳಗಿಂದ ಮೊದಲು ಸದ್ದು ಬರುತ್ತದೆ, ಆಮೇಲೆ ಎರಡು ಹಳದಿ ದೀಪ, ಕೊನೆಗೆ ಟಪ್ಪು ಹೊದ್ದ ಜೀಪು. ಈ ಕಡೆಯ ಜನಕ್ಕೆ ದೀಪ ಕಾಣುವ ತನಕ ಕಾಯಬೇಕಾಗಿಲ್ಲ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತ ಹುಡುಗರೂ ಸದ್ದು ಕೇಳಿಯೇ ಹೇಳಬಲ್ಲರು: ಇದು ಪ್ಯೂಜೊ, ಅದು ಮ್ಯಾಟಡಾರ್, ಓ ಅಲ್ಲಿ ಧಡಧಡ ಎನ್ನುತ್ತಿರುವುದು ಟ್ರ್ಯಾಕ್ಟರ್.

ಹೊರಗಿನವರಿಗೆ ಇದು ಒಗಟು. ಬರುತ್ತಿರುವುದು ಜೀಪು, ಅದರ ಮೂತಿ, ಅದರ ಬಾನೆಟ್, ಚಪ್ಪಟೆ ಮಡ್ಗಾರ್ಡು ಎಲ್ಲವೂ ಜೀಪಿನದೇ. ಮತ್ತೆ ಮ್ಯಾಟಡಾರ್ ಎಲ್ಲಿಂದ ಬಂತು? ಬಾನೆಟ್ ಎತ್ತಿದರೆ ಒಗಟು ಬಿಡಿಸಿಕೊಳ್ಳುತ್ತದೆ. ಒಳಗಿರುವುದು ಹುಟ್ಟಿದಾಗಿನ ಎಂಜಿನ್ ಅಲ್ಲ. ಮಲೆನಾಡಿನ ಹಳೆಯ ಜೀಪುಗಳಲ್ಲಿ ಎಷ್ಟೋ ಒಮ್ಮೆಯಾದರೂ ಎದೆ ಸೀಳಿಸಿಕೊಂಡು ಬೇರೊಂದು ಹೃದಯ ಹಾಕಿಸಿಕೊಂಡವು.

ಯುದ್ಧದಿಂದ ತೋಟಕ್ಕೆ

ಜೀಪು ಈ ಕಾಡಿಗೆ ಬಂದದ್ದು ಎರಡನೇ ಮಹಾಯುದ್ಧದ ದೆಸೆಯಿಂದ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದಾಗ ಭಾರತದಲ್ಲಿ ಉಳಿದಿದ್ದ ಜೀಪುಗಳು ಹರಾಜಿಗೆ ಬಂದವು. ಅವೇ ಹಳಬರ ಬಾಯಲ್ಲಿ ‘ಡಿಸ್ಪೋಸಲ್ ಜೀಪು’ಗಳು. ಎತ್ತಿನ ಗಾಡಿಯೇ ಹೂತುಹೋಗುವ ಕೆಸರಿನಲ್ಲಿ ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟು ಏರು ಹತ್ತುವ ಈ ಗಿಡ್ಡ ವಾಹನ ಕಾಫಿ ತೋಟದವರ ಕಣ್ಣಿಗೆ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಮುಂದೆ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸತೊಡಗಿದ ಮೇಲೆ ಜೀಪು ನಮ್ಮದೇ ಆಯಿತು.

ಮಿಲಿಟರಿ ಜೀಪಿನ ಮೂಲ ಎಂಜಿನ್ ಪೆಟ್ರೋಲಿನದು. ನಾಲ್ಕು ಸಿಲಿಂಡರು, 2.2 ಲೀಟರ್, 60 ಅಶ್ವಶಕ್ತಿ. ಅದಕ್ಕೆ ‘ಗೋ ಡೆವಿಲ್’ ಎಂದು ಹೆಸರು. ಅದರ ತಮ್ಮನಂತೆ ಬಂದ ‘ಹರಿಕೇನ್’ ಎಂಜಿನ್ ಸ್ವಲ್ಪ ಎತ್ತರ. ಅದನ್ನು ಕೂರಿಸಲೆಂದೇ 1953ರಲ್ಲಿ ವಿಲ್ಲೀಸ್‌ನವರು ಬಾನೆಟ್ಟನ್ನು ಮೇಲಕ್ಕೆ ಎತ್ತಿ ಸಿಜೆ–3ಬಿ ಎಂಬ ಮಾದರಿ ಮಾಡಿದರು. ಮಹೀಂದ್ರ ಜೀಪೆಂದರೆ ನಮ್ಮವರ ಕಣ್ಣಿಗೆ ಬರುವ ಆ ಎತ್ತರದ ಹಣೆ ಅಲ್ಲಿಂದ ಬಂದದ್ದು. ಎಂಜಿನ್ ಬದಲಾದರೆ ಮುಖವೂ ಬದಲಾಗುತ್ತದೆ ಎಂಬುದನ್ನು ಕಾರ್ಖಾನೆಯವರೇ ಮೊದಲು ತೋರಿಸಿಕೊಟ್ಟರು ಎನ್ನಬೇಕು.

ಪೆಟ್ರೋಲ್ ಎಂಜಿನ್ನಿನ ಗುಣವೇನೋ ಒಳ್ಳೆಯದು, ಸದ್ದಿಲ್ಲ, ನಡುಕವಿಲ್ಲ. ಆದರೆ ಮಲೆನಾಡಿನ ಮಳೆ ಅದಕ್ಕೆ ಆಗಿಬರಲಿಲ್ಲ. ಹಳ್ಳ ದಾಟುವಾಗ ಡಿಸ್ಟ್ರಿಬ್ಯೂಟರಿಗೆ ನೀರು ಸಿಡಿದರೆ ಕಿಡಿ ಸತ್ತು ಎಂಜಿನ್ ನಿಲ್ಲುತ್ತಿತ್ತು. ಏಪ್ರಿಲ್ ಬಿಸಿಲಲ್ಲಿ ಘಾಟಿ ಹತ್ತುವಾಗ ಪೆಟ್ರೋಲು ಪೈಪಿನೊಳಗೇ ಆವಿಯಾಗಿ ಮುಷ್ಕರ ಹೂಡುತ್ತಿತ್ತು. ಹೀಗಾಗಿ ಮಳೆಗಾಲಕ್ಕೆ ಒಂದು ಒಣಬಟ್ಟೆ, ಬೇಸಿಗೆಗೆ ಒಂದು ಒದ್ದೆಬಟ್ಟೆ. ಡ್ರೈವರನ ಸೀಟಿನ ಬಳಿ ಎರಡೂ ಇರಲೇಬೇಕಿತ್ತು.

ಇವನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಹೊಟ್ಟೆ. ಲೋ ಗೇರಿನಲ್ಲೇ ದಿನವಿಡೀ ತೋಟ ಸುತ್ತುವ ಜೀಪಿಗೆ ಪೆಟ್ರೋಲು ನೀರಿನಂತೆ ಬೇಕು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಬೆಲೆ ಏರುತ್ತ ಹೋಯಿತು; ಡೀಸೆಲ್ ಮಾತ್ರ ಸರ್ಕಾರದ ಕೃಪೆಯಿಂದ ಬಹುಕಾಲ ಅಗ್ಗವಾಗಿಯೇ ಉಳಿಯಿತು. ಕಾರ್ಖಾನೆಯವರೂ ಗಾಳಿ ಬಂದತ್ತ ತೂರಿದರು. ಮಹೀಂದ್ರದವರು ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಬಳಗದ ಡೀಸೆಲ್ ಎಂಜಿನ್ನನ್ನು ಜೀಪಿಗೆ ಹಾಕಿದರು. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ವಿನ್ಯಾಸದ 2112 ಸಿಸಿ ಎಂಜಿನ್ ಬಂತು. ಹೊಸ ಜೀಪು ಕೊಳ್ಳುವ ಶಕ್ತಿ ಇಲ್ಲದವರು ಮಾಡಿದ್ದು ಇನ್ನೂ ಸರಳ. ಅಪಘಾತದಲ್ಲಿ ನಜ್ಜುಗುಜ್ಜಾದ ಗಾಡಿಯ ಎಂಜಿನ್ನನ್ನು ಗುಜರಿಯಿಂದ ತಂದು ತಮ್ಮ ಹಳೇ ಜೀಪಿಗೆ ಕೂರಿಸಿದರು.

ಷೆಡ್ಡಿನೊಳಗಿನ ಶಸ್ತ್ರಚಿಕಿತ್ಸೆ

ಇಂಥ ಕೆಲಸ ನಡೆಯುವ ಷೆಡ್ಡುಗಳಿಗೆ ದೊಡ್ಡ ಬೋರ್ಡು ಇರುವುದಿಲ್ಲ. ಊರ ಹೊರಗೆ ನಾಲ್ಕು ಕಂಬ, ಮೇಲೆ ತಗಡು, ಅಡ್ಡತೊಲೆಗೆ ನೇತುಹಾಕಿದ ಚೈನ್ ಪುಲ್ಲಿ, ನೆಲವೆಲ್ಲ ಆಯಿಲಿನಿಂದ ಕಪ್ಪಾದ ಮಣ್ಣು. ಕೆಲಸವಿಲ್ಲದ ಮಳೆಗಾಲದ ತಿಂಗಳುಗಳೇ ತೋಟದ ಜೀಪುಗಳಿಗೆ ಆಸ್ಪತ್ರೆಯ ಕಾಲ. ಕಾಫಿ ಕೊಯ್ಲು ಶುರುವಾಗುವ ನವೆಂಬರಿಗೆ ಮುಂಚೆ ಜೀಪು ಎದ್ದು ಓಡಾಡುತ್ತಿರಬೇಕು ಎಂಬುದು ಎಲ್ಲ ಯಜಮಾನರ ಷರತ್ತು.

ಬದಲಿ ಎಂಜಿನ್ ಯಾವುದು ಎಂಬುದೇ ಮೊದಲ ಚರ್ಚೆ. ಪ್ಯೂಜೊ ಆದರೆ ಜೀಪಿನ ಕುಲದ್ದೇ, ಬಿಡಿಭಾಗಕ್ಕೆ ಪರದಾಟವಿಲ್ಲ. ಮ್ಯಾಟಡಾರ್ ವ್ಯಾನಿನ ಎಂಜಿನ್ ಜರ್ಮನಿಯ ಬೆಂಜ್ ವಿನ್ಯಾಸದ ಓಎಂ 616, 2.4 ಲೀಟರಿನ ಗಟ್ಟಿ ಆಸಾಮಿ. ಅಂಬಾಸಿಡರ್ ಕಾರಿನ ಒಂದೂವರೆ ಲೀಟರಿನ ಡೀಸೆಲ್ ಹಗುರ, ಆದರೆ ಏರಿನಲ್ಲಿ ಏದುಸಿರು. ಟ್ರ್ಯಾಕ್ಟರ್ ಬಳಗದ್ದು ಎಳೆತದಲ್ಲಿ ಕೋಣ, ಓಟದಲ್ಲೂ ಕೋಣ.

“ಎಂಜಿನ್ ಕೂರ್ಸೋದು ದೊಡ್ಡ ವಿಷ್ಯ ಅಲ್ಲ ಗೌಡ್ರೆ. ಗೇರ್ ಬಾಕ್ಸಿಗೂ ಅದಕ್ಕೂ ಸಂಬಂಧ ಕೂಡಿ ಬರ್ಬೇಕಲ್ಲ, ಅದೇ ಕಷ್ಟ” – ಇದು ಇಂಥ ಮೇಸ್ತ್ರಿಗಳ ಬಾಯಲ್ಲಿ ಸದಾ ಬರುವ ಮಾತು. ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಒಂದು ಕಂಪನಿಯ ಎಂಜಿನ್ನಿನ ಹಿಂಬದಿಯ ಬೋಲ್ಟುಗಳು ಇನ್ನೊಂದು ಕಂಪನಿಯ ಗೇರ್ ಬಾಕ್ಸಿನ ತೂತುಗಳಿಗೆ ಕೂರುವುದಿಲ್ಲ. ನಡುವೆ ದಪ್ಪ ಕಬ್ಬಿಣದ ತಟ್ಟೆಯೊಂದನ್ನು ಲೇತಿನಲ್ಲಿ ಕಡೆಸಿ ಎರಡನ್ನೂ ಬೆಸೆಯಬೇಕು. ಎಂಜಿನ್ನಿನ ಕ್ರ್ಯಾಂಕಿನ ನಡುಬಿಂದು ಮತ್ತು ಗೇರ್ ಬಾಕ್ಸಿನ ಶಾಫ್ಟಿನ ನಡುಬಿಂದು ಒಂದೇ ಗೆರೆಯಲ್ಲಿರಬೇಕು. ಅದು ಕೂದಲೆಳೆಯಷ್ಟು ತಪ್ಪಿದರೂ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಬೇರಿಂಗ್ ಕೂಗುತ್ತದೆ, ಕ್ಲಚ್ಚು ನಡುಗುತ್ತದೆ, ಗೇರು ತಾನಾಗಿ ಜಾರಿ ನ್ಯೂಟ್ರಲಿಗೆ ಬರುತ್ತದೆ. ಹಾಕಿದವರು ಬೇಡ, ಹಾಕಿಸಿದವರು ಬೇಡ ಎಂಬ ಜಗಳ ಶುರುವಾಗುವುದು ಆಗಲೇ.

ಈ ತಂಟೆ ಬೇಡವೆಂದು ಕೆಲವರು ಹೊಸ ಎಂಜಿನ್ನನ್ನು ಸಂಸಾರ ಸಮೇತ ತರುತ್ತಾರೆ: ಅದರದೇ ಕ್ಲಚ್ಚು, ಅದರದೇ ನಾಲ್ಕು ಗೇರಿನ ಬಾಕ್ಸು. ಆಗ ತಂಟೆ ಹಿಂದಕ್ಕೆ ಸರಿಯುತ್ತದೆಯೇ ಹೊರತು ಹೋಗುವುದಿಲ್ಲ. ಜೀಪಿನ ಹೊಟ್ಟೆಯ ನಡುವೆ ಟ್ರಾನ್ಸ್‌ಫರ್ ಬಾಕ್ಸ್ ಎಂಬುದೊಂದಿದೆ. ಎಂಜಿನ್ನಿನಿಂದ ಬಂದ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವುದು ಅದರ ಕೆಲಸ. ಅದರಿಂದ ಹೊರಡುವ ಎರಡು ಪ್ರೊಪೆಲ್ಲರ್ ಶಾಫ್ಟುಗಳು ಆಕ್ಸಲ್ಲಿನ ಗುಂಡಿಗೆ ನೇರವಾಗಿ ಇಳಿಯಬೇಕು. ಮಿಲಿಟರಿ ಜೀಪಿನ ಚಕ್ರದಿಂದ ಚಕ್ರಕ್ಕೆ ಇರುವುದೇ 80 ಅಂಗುಲ. ಉದ್ದನೆಯ ಗೇರ್ ಬಾಕ್ಸ್ ತಂದು ತುರುಕಿದರೆ ಹಿಂದಿನ ಶಾಫ್ಟಿಗೆ ಉಳಿಯುವ ಜಾಗ ಗೇಣುದ್ದ. ಶಾಫ್ಟು ಗಿಡ್ಡವಾದಷ್ಟೂ ಓರೆ ಹೆಚ್ಚು, ಓರೆ ಹೆಚ್ಚಾದಷ್ಟೂ ತುದಿಯ ಕೀಲು ಬೇಗ ಸವೆಯುತ್ತದೆ. ಗುಂಡಿ ಹಾರಿದಾಗ ಶಾಫ್ಟು ಕಳಚಿ ರಸ್ತೆಗೆ ಬಿದ್ದ ಪ್ರಸಂಗಗಳು ಮೇಸ್ತ್ರಿಗಳ ನೆನಪಿನಲ್ಲಿ ಧಾರಾಳವಾಗಿವೆ.

ಇನ್ನೊಂದು ಸೂಕ್ಷ್ಮ ಆಕ್ಸಲ್ಲಿನದು. ಮೂಲ ಮಿಲಿಟರಿ ಜೀಪಿನ ಎರಡೂ ಆಕ್ಸಲ್ಲುಗಳಲ್ಲಿ ಕ್ರೌನ್ ಮತ್ತು ಪಿನಿಯನ್ನಿನ ಲೆಕ್ಕ 4.88, ನಂತರ ಬಂದ ಸಿಜೆ ಜೀಪುಗಳಲ್ಲಿ 5.38. ಎರಡು ಜೀಪು ಬಿಚ್ಚಿ ಒಂದು ಮಾಡುವಾಗ ಮುಂದೆ ಒಂದು ಲೆಕ್ಕ, ಹಿಂದೆ ಒಂದು ಲೆಕ್ಕ ಬಿದ್ದರೆ ಮುಗಿಯಿತು. ಬರೀ ಹಿಂದಿನ ಚಕ್ರದಲ್ಲಿ ಓಡುವಾಗ ಏನೂ ತಿಳಿಯುವುದಿಲ್ಲ. ಕೆಸರಿನಲ್ಲಿ ಫೋರ್ ವೀಲ್ ಹಾಕಿದೊಡನೆ ಮುಂದಿನ ಚಕ್ರ ಒಂದು ವೇಗಕ್ಕೆ, ಹಿಂದಿನದು ಇನ್ನೊಂದು ವೇಗಕ್ಕೆ ಎಳೆದಾಡಿ ನಡುವಿನ ಹಲ್ಲು ಮುರಿಯುತ್ತದೆ. ಜೋಡೆತ್ತಿನಲ್ಲಿ ಒಂದು ಏರಿಗೆ, ಇನ್ನೊಂದು ನೀರಿಗೆ ಎಳೆದ ಹಾಗೆ.

ಉಳಿದವು ಸಣ್ಣಪುಟ್ಟ ಕೆಲಸ ಎಂದು ಹೇಳುತ್ತಾರೆ. ಪಟ್ಟಿ ಮಾಡಿದರೆ ಸಣ್ಣದೇನಲ್ಲ. ಡೀಸೆಲ್ ಎಂಜಿನ್ ಭಾರ. ಮುಂದಿನ ಸ್ಪ್ರಿಂಗಿಗೆ ಒಂದು ಪಟ್ಟಿ ಹೆಚ್ಚು ಹಾಕಬೇಕು. ಆಯಿಲ್ ಚೇಂಬರು ಮುಂದಿನ ಆಕ್ಸಲ್ಲಿಗೆ ತಾಗದಂತೆ ಕತ್ತರಿಸಿ ಬೆಸುಗೆ ಹಾಕಬೇಕು. ಪಂಪಿನಿಂದ ಉಳಿದ ಡೀಸೆಲ್ ಟ್ಯಾಂಕಿಗೆ ಮರಳಲು ಇನ್ನೊಂದು ಪೈಪು ಬೇಕು. ಹಳೆಯ ಜೀಪಿನ ವಿದ್ಯುತ್ತು ಆರು ವೋಲ್ಟಿನದು. ಡೀಸೆಲ್ಲಿನ ಸೆಲ್ಫ್ ತಿರುಗಲು ಹನ್ನೆರಡು ಬೇಕು, ಅಂದರೆ ಡೈನಮೋದಿಂದ ಹಿಡಿದು ದೀಪದ ಬುರುಡೆಯವರೆಗೆ ಎಲ್ಲ ಹೊಸತು. ಹಳೆ ಎಂಜಿನ್ ಗಾಳಿಯನ್ನು ಒತ್ತುತ್ತಿದ್ದುದು ಆರೂವರೆ ಪಟ್ಟು. ಡೀಸೆಲ್ ಒತ್ತುವುದು ಇಪ್ಪತ್ತು ಪಟ್ಟಿಗೂ ಮಿಗಿಲು. ಆ ಹೊಡೆತಕ್ಕೆ ಎಂಜಿನ್ ಕೂತ ರಬ್ಬರಿನಿಂದ ಬಾಡಿಯ ಬೆಸುಗೆಯವರೆಗೆ ಎಲ್ಲವೂ ಅದುರುತ್ತವೆ. ವರ್ಷ ತುಂಬುವುದರೊಳಗೆ ಮಡ್ಗಾರ್ಡಿನಲ್ಲಿ ಬಿರುಕು ಕಾಣದಿದ್ದರೆ ಅದು ಒಳ್ಳೆಯ ಕೈಗುಣ.

ಏರು ಹತ್ತಿದ್ದು ದೊಡ್ಡದಲ್ಲ

ಕೆಲಸ ಮುಗಿದ ಜೀಪಿಗೆ ಪರೀಕ್ಷೆ ನಡೆಯುವುದು ಡಾಂಬರು ರಸ್ತೆಯಲ್ಲಲ್ಲ. ಕೊಟ್ಟಿಗೆಹಾರದಿಂದ ಬಲಕ್ಕೆ ಹೊರಳಿ ಬಾಳೂರು, ಜಾವಳಿ ಮಾರ್ಗವಾಗಿ ಕಳಸಕ್ಕೆ ಹೋಗುವ ದಾರಿಯ ಎಡಬಲಗಳಲ್ಲಿ ತೋಟಗಳಿಗೆ ಹತ್ತುವ ಕಲ್ಲುಹಾದಿಗಳು ಬೇಕಾದಷ್ಟಿವೆ. ಹೇಮಾವತಿ ಹುಟ್ಟುವ ಜಾವಳಿಯ ಸುತ್ತ, ಬಲ್ಲಾಳರಾಯನ ದುರ್ಗದ ಬುಡದಲ್ಲಿ ನೆಲವೆಂಬುದು ಸಮನಾಗಿರುವುದೇ ಅಪರೂಪ. ಇಲ್ಲಿ ಜೀಪು ಹತ್ತುವುದನ್ನು ನೋಡಬೇಕು. ಲೋ ಗೇರಿನಲ್ಲಿ, ಫೋರ್ ವೀಲ್ ಹಾಕಿ, ಆಕ್ಸಿಲರೇಟರಿನ ಮೇಲೆ ಕಾಲಿಟ್ಟೂ ಇಡದಂತೆ ಬಿಟ್ಟರೆ ಡೀಸೆಲ್ ಎಂಜಿನ್ ತಾನಾಗಿಯೇ ನಿಧಾನವಾಗಿ, ಬಸುರಿ ಹೆಂಗಸು ಮೆಟ್ಟಿಲು ಹತ್ತುವಂತೆ, ಒಂದೊಂದೇ ಕಲ್ಲನ್ನು ಹುಡುಕಿ ಹತ್ತುತ್ತದೆ. ಪೆಟ್ರೋಲ್ ಎಂಜಿನ್ ಆದರೆ ಕಿರುಚಿಸಬೇಕಿತ್ತು. ಮುಂದೆ ಹಳ್ಳ ಬಂದರೂ ಹೆದರಿಕೆಯಿಲ್ಲ. ಡೀಸೆಲ್ಲಿಗೆ ಕಿಡಿಯ ಹಂಗಿಲ್ಲ. ಗಾಳಿ ಎಳೆಯುವ ಬಾಯಿಗೆ ನೀರು ಹೋಗದಿದ್ದರಾಯಿತು.

ಆದರೆ ಅನುಭವಸ್ಥ ಡ್ರೈವರುಗಳು ಏರಿನ ಮಾತಿಗೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ಅವರು ಕೇಳುವುದು ಇಳುಕಲಿನ ಪ್ರಶ್ನೆ. “ಹತ್ತೋದು ಯಾವ ಎಂಜಿನ್ನಾದ್ರೂ ಹತ್ತುತ್ತೆ ಮಾರಾಯ್ರೆ, ಇಳಿಸೋದು ಯಾರು?”

ಪ್ರಶ್ನೆಯಲ್ಲಿ ಹುರುಳಿದೆ. ಎಂಜಿನ್ ಬದಲಾದಾಗ ಭಾರ ಏರಿತು, ಎಳೆತ ಏರಿತು, ಆದರೆ ಬ್ರೇಕು? ಹಳೆಯ ಜೀಪಿಗಿರುವುದು ನಾಲ್ಕು ಸಣ್ಣ ಡ್ರಮ್ಮುಗಳು, ನಾಲ್ಕಕ್ಕೂ ಒಂದೇ ಪೈಪಿನ ಜಾಲ. ಎಲ್ಲೋ ಒಂದು ಕಡೆ ಆಯಿಲ್ ಸೋರಿದರೆ ನಾಲ್ಕೂ ಹೋದವು. ಬೂಸ್ಟರ್ ಹಾಕೋಣವೆಂದರೆ ಡೀಸೆಲ್ ಎಂಜಿನ್ ಪೆಟ್ರೋಲಿನಂತೆ ತಾನಾಗಿ ಗಾಳಿ ಹೀರಿ ಕೊಡುವುದಿಲ್ಲ. ಅದಕ್ಕೆ ಬೇರೆಯೇ ವ್ಯಾಕ್ಯೂಮ್ ಪಂಪು ಬೇಕು. ಹ್ಯಾಂಡ್ ಬ್ರೇಕಿನ ಕತೆಯಂತೂ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಹಳೆ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಬಾಕ್ಸಿನ ಹಿಂದೆ ಶಾಫ್ಟನ್ನು ಹಿಡಿದು ನಿಲ್ಲಿಸುವಂತಿದೆ. ಹಿಂದಿನ ಶಾಫ್ಟು ಮುರಿದರೆ ಹ್ಯಾಂಡ್ ಬ್ರೇಕೂ ಮುರಿದಂತೆ. ಬಾಕ್ಸನ್ನೇ ಬದಲಿಸಿದಾಗ ಅನೇಕ ಕಡೆ ಅದು ಹಳೆಯದರ ಜತೆಗೇ ಗುಜರಿಗೆ ಹೋಗುತ್ತದೆ. ಆಮೇಲೆ ಇಳಿಜಾರಿನಲ್ಲಿ ಜೀಪು ನಿಲ್ಲಿಸಿದಾಗಲೆಲ್ಲ ಕ್ಲೀನರ್ ಹುಡುಗ ಜಿಗಿದು ಚಕ್ರಕ್ಕೆ ಕಲ್ಲು ಕೊಡಬೇಕು. ಮಲೆನಾಡಿನ ಎಷ್ಟೋ ಜೀಪುಗಳಲ್ಲಿ ಕಾಲಿನ ಬಳಿ ಉರುಳಾಡುವ ಆ ಕಲ್ಲು ಅಲಂಕಾರಕ್ಕಲ್ಲ.

ಒಳ್ಳೆಯ ಮೇಸ್ತ್ರಿ ಯಾರು, ಬರೀ ಎಂಜಿನ್ ಕೂರಿಸುವವನು ಯಾರು ಎಂಬುದು ಇಲ್ಲಿ ಗೊತ್ತಾಗುತ್ತದೆ. ಒಳ್ಳೆಯವನು ಎಂಜಿನ್ನಿಗೆ ಕೈಹಾಕುವ ಮುನ್ನ ಬ್ರೇಕಿನ ಲೆಕ್ಕ ಕೇಳುತ್ತಾನೆ. ಇಲ್ಲದಿದ್ದರೆ ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ನಿಯಮವೊಂದೇ ಕಾಪಾಡಬೇಕು.

ತಲೆಯೋ, ಮುಂಡವೋ?

ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಇಬ್ಬರು ಗೆಳೆಯರ ತಲೆ ಅದಲುಬದಲಾಗಿ, ಗಂಡ ಯಾರೆಂಬ ಪ್ರಶ್ನೆ ಏಳುತ್ತದೆ. ನಾಟಕದಲ್ಲಿ ತೀರ್ಪು ತಲೆಯ ಕಡೆಗೆ. ಆರ್‌ಟಿಒ ಕಚೇರಿಯಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿ ವಾಹನದ ಗುರುತೆಂದರೆ ಮೊದಲಿಗೆ ಚಾಸಿಸ್ ನಂಬರು, ಅಂದರೆ ಮುಂಡ. ಎಂಜಿನ್ ನಂಬರೂ ಯಾವ ಇಂಧನವೆಂಬುದೂ ಆರ್.ಸಿ. ಪುಸ್ತಕದಲ್ಲಿ ಅದರ ಜತೆಗೆ ದಾಖಲಾಗಿರುತ್ತವೆ. ಅಂದಿನ ದಿನಗಳಲ್ಲಿ ಎಂಜಿನ್ ಬದಲಿಸಿ ಅದನ್ನು ಪುಸ್ತಕದಲ್ಲಿ ಬರೆಸಿಕೊಂಡವರು ಜಾಣರು. ‘ತೋಟದೊಳಗೆ ಓಡುವ ಗಾಡಿ, ಯಾರು ಕೇಳ್ತಾರೆ’ ಎಂದು ಸುಮ್ಮನಿದ್ದವರ ಮಕ್ಕಳು ಇಂದು ಕಷ್ಟದಲ್ಲಿದ್ದಾರೆ. ಹದಿನೈದು ವರ್ಷ ತುಂಬಿದ ಖಾಸಗಿ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಪುಸ್ತಕದಲ್ಲಿ ಪೆಟ್ರೋಲ್, ಬಾನೆಟ್ಟಿನ ಕೆಳಗೆ ಡೀಸೆಲ್ ಎಂದಾದರೆ ಇನ್‌ಸ್ಪೆಕ್ಟರು ಸಹಿ ಹಾಕುವುದಾದರೂ ಹೇಗೆ?

ಕಾನೂನೂ ಬಿಗಿಯಾಗುತ್ತ ಬಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಇದನ್ನೇ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದಾಯಿತು. ಈಗ ಯಾರೇ ಎಂಜಿನ್ನಿಗೆ ಕೈಹಾಕುವುದಿದ್ದರೂ ಷೆಡ್ಡಿನ ಬಾಗಿಲಿಗಿಂತ ಮೊದಲು ಆರ್‌ಟಿಒ ಬಾಗಿಲು ತಟ್ಟುವುದು ಲೇಸು.

ಇದಕ್ಕೆ ಇನ್ನೊಂದು ಮುಖವಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ ಹಳೆಯ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಮುಖ್ಯ ಷರತ್ತೆಂದರೆ ಚಾಸಿಸ್, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಎದೆ ಬದಲಿಸಿಕೊಂಡ ಜೀಪಿಗೆ ಆ ಮರ್ಯಾದೆಯೂ ಇಲ್ಲ. ಅತ್ತ ಪರಂಪರೆಗೂ ಸಲ್ಲದು, ಇತ್ತ ಹೊಸ ಕಾಲದ ರಸ್ತೆಗೂ ಸಲ್ಲದು ಎಂಬಂತಾಗಿದೆ ಅದರ ಪಾಡು. ಹೀಗಾಗಿ ಈಗ ಗಾಳಿ ತಿರುಗಿದೆ. ಒಂದು ಕಾಲಕ್ಕೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದ ಪೆಟ್ರೋಲ್ ಎಂಜಿನ್ನುಗಳನ್ನು ಸಂಗ್ರಹಕಾರರು ಊರೂರು ಅಲೆದು ಹುಡುಕುತ್ತಿದ್ದಾರೆ. ಪೆಟ್ರೋಲ್ ಬೆಲೆಯನ್ನು 2010ರಲ್ಲಿ, ಡೀಸೆಲ್ ಬೆಲೆಯನ್ನು 2014ರಲ್ಲಿ ಸರ್ಕಾರ ತನ್ನ ಹಿಡಿತದಿಂದ ಬಿಟ್ಟ ಮೇಲೆ ಎರಡರ ನಡುವಿನ ಅಂತರವೂ ಮೊದಲಿನಂತೆ ಉಳಿದಿಲ್ಲ. ಡೀಸೆಲ್ ಹೃದಯ ಕಿತ್ತು ಮತ್ತೆ ಪೆಟ್ರೋಲ್ ಹೃದಯ ಕೂರಿಸುವ ಕೆಲಸವೂ ಅದೇ ಮೇಸ್ತ್ರಿಗಳ ಕೈಗೇ ಬರುತ್ತಿದೆ.

ದಾರಿ ಮುಗಿಯುವ ಕಡೆ

ಸಂಗ್ರಹಕಾರರ ಜೀಪು ಭಾನುವಾರ ಹೊರಗೆ ಬರುತ್ತದೆ. ಉಳಿದ ಆರು ದಿನದ ಕತೆ ಬೇರೆ. ಕಳಸದ ಕಡೆಯಿಂದ ಕುದುರೆಮುಖ ಶಿಖರ ಏರಲು ಹೊರಡುವವರನ್ನು ಮುಳ್ಳೋಡಿಯ ತನಕ ಒಯ್ಯುವುದು ಜೀಪೇ. ಪ್ರವಾಸಿಗರಿಗೆ ಅದು ಮೈಕೈ ನೋಯಿಸುವ ಮೋಜು. ಅಂಥ ಹಾದಿಗಳ ಕೊನೆಯಲ್ಲಿ ಮನೆ ಇರುವವರಿಗೆ ಅದು ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಹೆರಿಗೆ ನೋವು. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದು, ಚಾರ್ಮಾಡಿ ಘಾಟಿಯ ರಸ್ತೆಯೂ ಕುಸಿದು ಸಂಚಾರ ನಿಂತಾಗ, ಬಸ್ಸು ಬಾರದ ಊರೆಂದರೆ ಏನೆಂಬುದು ಪೇಟೆಯವರಿಗೂ ಅರ್ಥವಾಯಿತು.

ಹೊಸ ಫೋರ್ ವೀಲ್ ಗಾಡಿಗಳು ಬಂದಿವೆ, ನಿಜ. 2010ರಲ್ಲಿ ಬಂದ ಥಾರ್, 2020ರಲ್ಲಿ ಬಂದ ಅದರ ಹೊಸ ಅವತಾರ ಎರಡೂ ಈ ಕಡೆಯ ತೋಟಗಳ ಗೇಟಿನೊಳಗೆ ನಿಂತಿವೆ. ಆದರೆ ಎರಡು ಎಕರೆ ಕಾಫಿ, ನಾಲ್ಕು ಅಡಿಕೆ ಮರ ಇರುವವನಿಗೆ ಅದು ಎಟುಕುವ ಹಣ್ಣಲ್ಲ. ಅವನಿಗಿರುವುದು ಅಪ್ಪ ಬಿಟ್ಟುಹೋದ ಚಾಸಿಸ್ಸು, ಯಾವುದೋ ವ್ಯಾನಿನಿಂದ ಬಂದ ಎಂಜಿನ್ನು, ಪುಸ್ತಕದಲ್ಲಿ ಬರೆಯಿಸಲು ಮರೆತ ಒಂದು ಸಾಲು. ಸುರಕ್ಷತೆಗೆ ಕಾನೂನು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಬ್ರೇಕಿಲ್ಲದ ಜೀಪಿಗೆ ಕಾಡೂ ಊರೂ ಒಂದೇ. ಬ್ರೇಕು ಪರೀಕ್ಷಿಸಿ, ಜೋಡಣೆ ನೋಡಿ, ಸರಿಯಿದ್ದರೆ ಹಳೆಯದನ್ನು ಒಮ್ಮೆ ದಾಖಲಿಸಿಕೊಡುವ ದಾರಿಯೊಂದು ಇದ್ದರೆ ಎಷ್ಟೋ ಮನೆಗಳ ಚಿಂತೆ ಕಳೆಯುತ್ತಿತ್ತು.

ಬೆಳಗಿನ ಚಳಿಯಲ್ಲಿ ಇಂಥ ಜೀಪನ್ನು ಹೊರಡಿಸುವುದೂ ಒಂದು ವಿಧಿ. ಕೀಲಿ ಅರ್ಧ ತಿರುಗಿಸಿ, ಹೀಟರ್ ಪ್ಲಗ್ಗು ಕಾಯುವ ತನಕ ಮನಸ್ಸಿನಲ್ಲೇ ಇಪ್ಪತ್ತು ಎಣಿಸಬೇಕು. ಅವಸರಪಟ್ಟು ಸೆಲ್ಫ್ ಹೊಡೆದರೆ ಬ್ಯಾಟರಿ ಸೋಲುತ್ತದೆ. ತಾಳ್ಮೆಯಿಂದ ಕಾದವನಿಗೆ ಎಂಜಿನ್ ಒಮ್ಮೆ ಕೆಮ್ಮಿ, ಬಿಳಿ ಹೊಗೆ ಉಗುಳಿ, ಮೆಲ್ಲಗೆ ಲಯ ಹಿಡಿಯುತ್ತದೆ. ಯಾವ ಊರಿನ ಎಂಜಿನ್ನೋ, ಯಾವ ಯುದ್ಧದ ಮೈಯೋ! ಹಿಂದಿನ ಸೀಟಿನಲ್ಲಿ ಶಾಲೆಯ ಮಕ್ಕಳು ಒತ್ತಿಕೊಂಡು ಕೂರುತ್ತವೆ, ಕ್ಲೀನರ್ ಹುಡುಗ ಚಕ್ರದಡಿಯ ಕಲ್ಲು ತೆಗೆದು ಒಳಗಿಡುತ್ತಾನೆ, ಜೀಪು ಮಂಜಿನೊಳಕ್ಕೆ ಇಳಿಯುತ್ತದೆ.